ತಗ್ಗಿನಕೊಪ್ಪವನ್ನು ಯಾರೂ ಕೇಳಿರಲಿಲ್ಲ

ತಗ್ಗಿನಕೊಪ್ಪ, ಕರೇಹಳ್ಳದ ದಂಡೆ
ಫೆಬ್ರವರಿ ೩೦, ೨೨೩೧

ನಮಗಿಂತ ಇನ್ನೂರು ವರ್ಷ ಮೊದಲು ಈ ಹಳ್ಳದ ನೀರು ಕುಡಿದವರಿಗೆ ನೀಲಗಂಗಾ ಹಡಪದ ಮಾಡುವ ನಮಸ್ಕಾರಗಳು.

ಮೇಲಿನ ತಾರೀಖನ್ನು ಕೈತಪ್ಪೆಂದು ತಿಳಿಯಬೇಡಿ. ನಿಮ್ಮ ಫೆಬ್ರವರಿ ಗಿಡ್ಡದಾಗಿತ್ತಂತೆ. ನನ್ನ ಮುತ್ತಜ್ಜಿಯ ಕಾಲದಲ್ಲಿ ಪಂಚಾಂಗ ತಿದ್ದಿದವರು ಜುಲೈ, ಆಗಸ್ಟುಗಳಿಂದ ಒಂದೊಂದು ದಿನ ತೆಗೆದು ಅದಕ್ಕೆ ಕೊಟ್ಟರು. ಉಳ್ಳವರಿಂದ ಇಲ್ಲದವರಿಗೆ ಹೋದದ್ದರಿಂದ ಆ ದಿನದ ಬಗ್ಗೆ ನಮ್ಮಲ್ಲಿ ಯಾರೂ ತಕರಾರು ಮಾಡಲಿಲ್ಲ. ನನ್ನ ಮಾತುಗಳಲ್ಲಿಯೂ ಕೆಲವು ನಿಮಗೆ ವಿಚಿತ್ರವಾಗಿ ಕೇಳಿಸಬಹುದು. ನೀವು ಆಡಿದ ಕನ್ನಡವನ್ನೇ ನಾವು ಆಡುತ್ತಿದ್ದೇವೆ, ಆದರೆ ಬಹಳ ಜನರ ಬಾಯಿ ದಾಟಿ ಬಂದ ಮೇಲೆ ಅದರ ಅಂಚುಗಳು ಸವೆದಿವೆ, ಹೊಸ ಮೂಲೆಗಳು ಮೂಡಿವೆ. ಅರ್ಥವಾಗದ ಕಡೆ ಮನ್ನಿಸಿ ಮುಂದೆ ಹೋಗಿ, ಹೇಳುವಷ್ಟನ್ನು ನಾನು ಹೇಳುತ್ತ ಹೋಗುತ್ತೇನೆ.

ಚುನಾವಣೆಯ ಮುನ್ನಾದಿನ ನಮ್ಮ ನಾಲ್ಕೂ ಊರುಗಳಲ್ಲಿ ಭಾಷಣ ನಿಲ್ಲುತ್ತದೆ. ಬದಲಿಗೆ ಸಂತೆಕಟ್ಟೆಯ ಮೇಲೆ ಒಂದು ಓಲೆ ಓದುತ್ತಾರೆ. ಚೀಟಿ ಎತ್ತಿ ಆರಿಸಿದ ಸಾಮಾನ್ಯರೊಬ್ಬರು ಹಿಂದಿನ ಕಾಲದವರಿಗೆ ಬರೆದ ಓಲೆ ಅದು. ಅದಕ್ಕೆ ಹಿಂದೋಲೆ ಎನ್ನುತ್ತೇವೆ. ಅದು ನಿಮಗೆ ತಲುಪುತ್ತದೆಂದು ನಂಬುವವರು ಯಾರೂ ಇಲ್ಲ. ಆದರೆ ಹೋದವರಿಗೆ ಬರೆಯುವಾಗ ಸುಳ್ಳು ಬರೆಯಲು ಕೈ ಹಿಂಜರಿಯುತ್ತದೆ ಎಂಬುದನ್ನು ನಮ್ಮ ಹಿರಿಯರು ಕಂಡುಕೊಂಡಿದ್ದರು. ಹೋದವರು ಎಂದದ್ದಕ್ಕೆ ಕ್ಷಮೆಯಿರಲಿ. ಇದು ಹೇಗೋ ನಿಮ್ಮ ಕೈ ಸೇರಿದರೆ ಓದುವ ಹೊತ್ತಿಗೆ ನೀವು ಬದುಕಿಯೇ ಇರುತ್ತೀರಿ. ಈ ಸಲದ ಚೀಟಿ ನನ್ನ ಹೆಸರಿಗೆ ಬಂತು.

ನಾನು ತಗ್ಗಿನಕೊಪ್ಪದಲ್ಲಿ ಖಾನಾವಳಿ ನಡೆಸುವವಳು. ನಮ್ಮ ಬೀದಿ ನೆರಳುಬೀದಿ. ಅಂದರೆ ಈ ತುದಿಯಿಂದ ಆ ತುದಿಯವರೆಗೆ ಮಾಳಿಗೆಯಿಂದ ಮಾಳಿಗೆಗೆ ದಪ್ಪ ಬಿಳಿ ಬಟ್ಟೆ ಕಟ್ಟಿರುತ್ತದೆ. ನಿಮ್ಮ ಕಾಲದ ಬೇಸಿಗೆ ನಮಗೆ ಚಳಿಗಾಲದಂತೆ ಕಾಣುತ್ತದೆ ಎಂದರೆ ನಮ್ಮ ಬೇಸಿಗೆ ಹೇಗಿರಬಹುದೆಂದು ನೀವೇ ಊಹಿಸಿ. ಊರು ಬೆಳಗಿನ ಜಾವ ಏಳುತ್ತದೆ, ಹೊತ್ತು ನೆತ್ತಿಗೆ ಬರುವ ಮೊದಲು ಬಾಗಿಲು ಹಾಕಿಕೊಳ್ಳುತ್ತದೆ. ಆ ಹೊತ್ತನ್ನು ಉರಿಬಿಡುವು ಎನ್ನುತ್ತೇವೆ. ಆಗ ದನಗಳೂ ನೆಲದಡಿ ತೋಡಿದ ನೆಲಮನೆಯಲ್ಲಿರುತ್ತವೆ. ಇಳಿಹೊತ್ತಿಗೆ ಮತ್ತೆ ಬಾಗಿಲು ತೆರೆಯುತ್ತವೆ, ರೊಟ್ಟಿ ಬಡಿಯುವ ಸದ್ದು ಕೇಳುತ್ತದೆ, ಜನ ನನ್ನ ಖಾನಾವಳಿಗೆ ಬರುತ್ತಾರೆ. ಜೋಳದ ರೊಟ್ಟಿ, ಪುಂಡಿಪಲ್ಲೆ, ಗುರೆಳ್ಳು ಚಟ್ನಿ ಬದಲಾಗಿಲ್ಲ. ಇದನ್ನು ಕೇಳಿದರೆ ನಿಮಗೆ ಸಮಾಧಾನವಾಗಬಹುದು. ನನ್ನ ಗಂಡ ಗದಿಗೆಪ್ಪ ನೆರಳು ಹೊಲಿಯುವವನು. ಬೀದಿಯ ಬಟ್ಟೆ ಹರಿದರೆ ಏಣಿ ಹಾಕಿ ಹತ್ತಿ ತೇಪೆ ಹಾಕುವುದು ಅವನ ಕೆಲಸ. ಮೇಲಿದ್ದಾಗ ಹಾಡುತ್ತಾನೆ, ಕೆಳಗಿಳಿದ ಮೇಲೆ ಮಾತೇ ಆಡುವುದಿಲ್ಲ.

ತಗ್ಗಿನಕೊಪ್ಪ, ಹಿರೇಸಂಗಾಪುರ, ಬೆಣಚಮರಡಿ, ದಿನ್ನಿಹಾಳ, ಈ ನಾಲ್ಕು ಊರು ಸೇರಿದ್ದು ಕೂಟ. ಒಂದೊಂದು ಊರಿಗೆ ಅದರದೇ ಪುರಸಭೆ ಇದೆ. ಆದರೆ ಹಳ್ಳ ಒಂದೇ, ಕಸ ಸುರಿಯುವ ಜಾಗ ಒಂದೇ, ಬೆಂಕಿ ಆರಿಸುವ ಬಂಡಿ ಒಂದೇ, ದೊಡ್ಡ ಆಸ್ಪತ್ರೆ ಒಂದೇ. ಒಬ್ಬರಿಗೇ ಆಗದ ಈ ಕೆಲಸಗಳನ್ನು ಮಾಡಲು ನಾಲ್ಕು ಊರೂ ಸೇರಿ ಆರಿಸುವ ಸಭೆ ಅದು. ನಿಮ್ಮ ಕಾಲದಲ್ಲಿ ಈ ಊರುಗಳು ಒಂದರ ಕಸವನ್ನು ಇನ್ನೊಂದರ ಎಲ್ಲೆಯಲ್ಲಿ ಸುರಿಯುತ್ತಿದ್ದವೆಂದೂ ಹಳ್ಳಕ್ಕೆ ಅಡ್ಡ ಮಣ್ಣು ಹಾಕಿ ಬಡಿದಾಡುತ್ತಿದ್ದವೆಂದೂ ಹಳೆಯ ಹಿಂದೋಲೆಗಳಲ್ಲಿ ಓದಿದ್ದೇನೆ. ಈಗ ಬಡಿದಾಟವಿಲ್ಲ. ಬಡಿದಾಟ ಹೋದ ಜಾಗಕ್ಕೆ ಪ್ರೀತಿ ಬರಬೇಕಿತ್ತು. ಬಂದದ್ದು ಬೇಸರ.

ಚುನಾವಣೆಗೆ ಮೂರು ತಿಂಗಳಿರುವಾಗ ಒಮ್ಮೆ, ಕೊನೆಗೆ ಮತ್ತೊಮ್ಮೆ ಕೂಟದವರು ಮನೆಮನೆಗೆ ಬಂದು ಜನರ ಮನಸ್ಸು ಕೇಳುತ್ತಾರೆ. ಅದಕ್ಕೆ ಮನಕೇಳಿಕೆ ಎಂದು ಹೆಸರು. ಕೂಟ ಏನು ಮಾಡುತ್ತದೆ ಗೊತ್ತೇ, ಅದರ ಮೇಲೆ ನಂಬಿಕೆ ಇದೆಯೇ, ಅದು ನಿಮ್ಮದೆನಿಸುತ್ತದೆಯೇ ಎಂದು ಕೇಳುತ್ತಾರೆ. ಕಳೆದ ವರ್ಷದ ಕೊನೆಗೆ ಬಂದಾಗ ನಮ್ಮೂರಿನ ಅರ್ಧಕ್ಕಿಂತ ಹೆಚ್ಚು ಜನ ಕೊನೆಯ ಪ್ರಶ್ನೆಗೆ ಕೊಟ್ಟ ಉತ್ತರ ಒಂದೇ: ಅದಕ್ಕೂ ನಮಗೂ ಏನು ಸಂಬಂಧ. ನನ್ನ ಖಾನಾವಳಿಯಲ್ಲಿ ದಿನವೂ ಕೇಳುತ್ತಿದ್ದ ಮಾತೇ ಅದು. ನಲ್ಲಿಯಲ್ಲಿ ನೀರು ಬಂದರೆ ಹಳ್ಳದ ಪುಣ್ಯ, ನಿಂತರೆ ಕೂಟದ ಪಾಪ. ಪುರಸಭೆಯ ಸದಸ್ಯರನ್ನು ಜನ ಹೆಸರು ಹಿಡಿದು ಬೈಯುತ್ತಿದ್ದರು. ಅವರ ಅಪ್ಪನ ಹೆಸರೂ ಗೊತ್ತಿರುತ್ತಿತ್ತು. ಕೂಟದ ಸದಸ್ಯರನ್ನು ಬೈಯಲು ಹೆಸರೇ ಗೊತ್ತಿರಲಿಲ್ಲ. ಮನೆಯವರನ್ನಲ್ಲದೆ ಯಾರನ್ನೂ ನಾವು ಮನಸಾರೆ ಬೈಯುವುದಿಲ್ಲ ಎಂಬುದನ್ನು ನೀವೂ ಬಲ್ಲಿರಿ. ಗದಿಗೆಪ್ಪನಂತೂ ಕೂಟದ ಚುನಾವಣೆಯಲ್ಲಿ ಒಮ್ಮೆಯೂ ಮತ ಹಾಕಿದವನಲ್ಲ. ಯಾಕೆಂದು ಕೇಳಿದರೆ ನೆರಳು ಹೊಲಿಯಲು ಮೇಲೆ ಹತ್ತಿಬಿಡುತ್ತಿದ್ದ.

ದಿನ್ನಿಹಾಳದಲ್ಲಿ ಇದ್ದದ್ದು ಬೇಸರವಲ್ಲ, ಸಿಟ್ಟು. ಆ ಊರು ಹಳ್ಳದ ಮೇಲುಭಾಗದಲ್ಲಿದೆ. ನಾವೆಲ್ಲ ಕುಡಿಯುವ ನೀರು ನಿಲ್ಲುವ ಕೆರೆ ಅಲ್ಲಿದೆ. ಮೂವತ್ತು ವರ್ಷಗಳ ಹಿಂದೆ ಮಳೆ ಕೈಕೊಡತೊಡಗಿದಾಗ ಕೂಟ ಆ ಕೆರೆಯ ಒಡ್ಡನ್ನು ಎತ್ತರಿಸಿತು. ಆಗ ದಿನ್ನಿಹಾಳದ ಮಸಣ ಮುಳುಗಿತು. ಲಿಂಗಾಯತರ ಸಮಾಧಿ, ಮುಸಲ್ಮಾನರ ಗೋರಿ, ಕಮ್ಮಾರರ, ಕುರುಬರ ಕಲ್ಲು, ಎಲ್ಲವೂ ಒಂದೇ ಇಳಿಜಾರಿನಲ್ಲಿದ್ದವು. ನೀರು ಏರುವ ಮೊದಲು ಅವನ್ನು ಮೇಲಕ್ಕೆ ಸಾಗಿಸುವುದಾಗಿ ಕೂಟ ಮಾತು ಕೊಟ್ಟಿತ್ತು. ಆ ವರ್ಷ ಮಳೆ ಬೇಗ ಬಂತು. ಮಾತು ನೀರಿನ ಕೆಳಗೆ ಉಳಿಯಿತು. ಆಮೇಲೆ ದಿನ್ನಿಹಾಳದವರು ಬೇಡಿಕೊಂಡದ್ದು ಒಂದೇ: ಒಂದು ಸಲ ಕೆರೆಯ ನೀರನ್ನು ಹಳೆಯ ಮಟ್ಟಕ್ಕೆ ಇಳಿಸಿರಿ, ನಮ್ಮವರನ್ನು ನಾವು ಕರೆದುಕೊಂಡು ಹೋಗುತ್ತೇವೆ. ನೀರು ಇಳಿಸಿದರೆ ಕೆಳಗಿನ ಮೂರು ಊರಿಗೆ ಆ ಬೇಸಿಗೆಯಿಡೀ ಅರ್ಧ ನೀರೇ. ಕೂಟ ಪ್ರತಿ ಸಲವೂ ಆಗುವುದಿಲ್ಲ ಎಂದಿತು.

ಈ ಸಿಟ್ಟನ್ನು ಹೊತ್ತು ಚುನಾವಣೆಗೆ ನಿಂತವಳು ರುದ್ರಾಂಬಾ ಕಮ್ಮಾರ. ದಿನ್ನಿಹಾಳದ ಗರಡಿಮನೆಯ ಗುರು. ನಲವತ್ತು ದಾಟಿದ ಹೆಂಗಸು, ಕಂಬದಂಥ ಕತ್ತು, ಮೆತ್ತನೆಯ ದನಿ. ದಿನ್ನಿಹಾಳ ಕೂಟ ಬಿಡಬೇಕು, ಕೆರೆ ದಿನ್ನಿಹಾಳದ್ದಾಗಬೇಕು, ಇದು ಅವಳ ಮಾತು. ಅವಳ ಹಿಂದೆ ಊರಿಗೆ ಊರೇ ನಿಂತಿತ್ತು. ನಮ್ಮಲ್ಲಿ ಅದನ್ನು ಕೇಳಿದವರು ಹೋದರೆ ಹೋಗಲಿ ಬಿಡಿ ಎಂದು ಇನ್ನೊಂದು ರೊಟ್ಟಿ ಕೇಳುತ್ತಿದ್ದರು. ಕೆರೆ ಹೋದರೆ ತಾವೇನು ಕುಡಿಯುತ್ತೇವೆಂದು ಯೋಚಿಸುವಷ್ಟು ಸಹ ಅವರಿಗೆ ಕೂಟ ಹತ್ತಿರದ್ದಾಗಿರಲಿಲ್ಲ. ನನಗೆ ಮಾತ್ರ ಹೆದರಿಕೆಯಾಗಿತ್ತು. ಖಾನಾವಳಿ ನಡೆಸುವವಳಿಗೆ ನೀರಿನ ಲೆಕ್ಕ ಬೇಗ ತಿಳಿಯುತ್ತದೆ.

ನಮ್ಮಲ್ಲಿ ಇನ್ನೊಂದು ಪದ್ಧತಿ ಇದೆ. ಕೂಟಕ್ಕೆ ನಿಲ್ಲುವವರು ಚುನಾವಣೆಗೆ ಮೊದಲು ಯಾವುದಾದರೂ ಒಂದು ವಾರ ಬೇರೆ ಊರಿನಲ್ಲಿ, ಚೀಟಿ ಎತ್ತಿದ ಮನೆಯಲ್ಲಿ ಇರಬೇಕು. ಆ ಮನೆಯವರು ಉಣ್ಣುವುದನ್ನೇ ಉಣ್ಣಬೇಕು, ಆ ಮನೆಯ ಕೆಲಸ ಮಾಡಬೇಕು, ರಾಜಕೀಯದ ಮಾತು ಎತ್ತಬಾರದು. ಬೇರೆಯವರು ಎತ್ತಿದರೆ ಕೇಳಬೇಕು. ಅದಕ್ಕೆ ಬಿಡಾರವಾರ ಎನ್ನುತ್ತೇವೆ. ಸಂಕ್ರಾಂತಿ ಕಳೆದ ಮೇಲೆ ರುದ್ರಾಂಬಾಳ ಬಿಡಾರವಾರ ನಮ್ಮ ಮನೆಗೆ ಬಂತು.

ಅವಳು ಒಂದು ಚೀಲ, ಎರಡು ಕಟ್ಟಿಗೆಯ ಗದೆ ಹಿಡಿದು ಬಂದಳು. ಬೆಳಗ್ಗೆ ನಮ್ಮ ಹಿತ್ತಲಲ್ಲಿ ಗದೆ ತಿರುಗಿಸಿ, ಬೆವರು ಒರೆಸಿಕೊಂಡು, ಹಿಟ್ಟು ನಾದಲು ಕೂರುತ್ತಿದ್ದಳು. ಅವಳು ಬಡಿದ ರೊಟ್ಟಿ ನನ್ನದಕ್ಕಿಂತ ತೆಳ್ಳಗಿರುತ್ತಿತ್ತು. ಗಿರಾಕಿಗಳು ಅದನ್ನು ನನ್ನೆದುರಿಗೇ ಹೇಳಿದರು, ನಾನು ಕೇಳಿಸಿಕೊಂಡೆ. ಅವಳನ್ನು ನೋಡಲು ಜನ ಬಂದರು. ಮೊದಮೊದಲು ಕೆಣಕಲು ಬಂದವರು ಆಮೇಲೆ ತಮ್ಮ ಗೋಳು ಹೇಳಿಕೊಳ್ಳಲು ಕೂತರು. ತಗ್ಗಿನಕೊಪ್ಪ ಕೊಳವೆಯ ಕೊನೆಯ ಊರು. ನಮ್ಮ ಹಿಂದಿನ ಓಣಿಗಳಿಗೆ ದಿನ ಬಿಟ್ಟು ದಿನ ನೀರು, ಅದೂ ಕಾಲು ಗಂಟೆ. ರುದ್ರಾಂಬಾಗೆ ಇದು ಗೊತ್ತಿರಲಿಲ್ಲ. ದಿನ್ನಿಹಾಳದಲ್ಲಿ ಎಲ್ಲರೂ ನಂಬಿದ್ದು, ತಗ್ಗಿನಕೊಪ್ಪದವರು ದಿನ್ನಿಹಾಳದ ನೀರಿನಲ್ಲಿ ಎಮ್ಮೆ ತೊಳೆಯುತ್ತಾರೆಂದು. ಹಿಂದಿನ ಓಣಿಯ ಹೆಂಗಸೊಬ್ಬಳು ಅಕ್ಕಿ ತೊಳೆದ ನೀರಲ್ಲಿ ಪಾತ್ರೆ ತೊಳೆದು, ಆ ನೀರನ್ನು ಗಿಡಕ್ಕೆ ಹಾಕುವುದನ್ನು ನೋಡಿ ಬಂದ ದಿನ ಅವಳು ಕೈ ತೊಳೆದ ನೀರನ್ನು ಚೆಲ್ಲದೆ ಹಿತ್ತಲ ಗಿಡಕ್ಕೆ ಹಾಕಿದಳು.

ಮೂರನೆಯ ದಿನವೋ ನಾಲ್ಕನೆಯ ದಿನವೋ, ಉರಿಬಿಡುವಿನಲ್ಲಿ ನಾವು ಮೂವರೂ ನೆಲಮನೆಯಲ್ಲಿ ಕೂತಿದ್ದೆವು. ಗದಿಗೆಪ್ಪ ಸೂಜಿಗೆ ದಾರ ಪೋಣಿಸುತ್ತಿದ್ದ. ನಾನು ಕುಡಿಯಲು ನೀರು ತಂದು ರುದ್ರಾಂಬಾಳ ಮುಂದಿಟ್ಟೆ. ಅವಳು ತಂಬಿಗೆಯನ್ನು ಕೈಯಲ್ಲಿ ಹಿಡಿದು ಕುಡಿಯದೆ ಕೂತಳು. ಬಿಡಾರವಾರದ ನಿಯಮ ಮುರಿಯುತ್ತಿಲ್ಲ, ಇದು ರಾಜಕೀಯವಲ್ಲ ಎಂದು ಮೊದಲೇ ಹೇಳಿ, ಆಮೇಲೆ ಹೇಳಿದಳು:

"ನಮ್ಮಜ್ಜಿ ನನಗ ಗದಿ ಹಿಡಿಯೋದು ಕಲಿಸಿದಾಕಿ. ಆಕಿ ಈ ನೀರಿನ ತಳದಾಗ ಮಲಗ್ಯಾಳ. ನೀವು ದಿನಾ ಕೊಡ ತುಂಬ್ತೀರಿ. ತುಂಬ್ರಿ, ಬ್ಯಾಡ ಅನ್ನಂಗಿಲ್ಲ. ಆದ್ರ ಮೂವತ್ತು ವರ್ಷದಾಗ ನಿಮ್ಮೂರಿನಿಂದ ಒಬ್ಬರ ಬಂದು, ನಿಮ್ಮವರು ಎಲ್ಲಿ ಅದಾರ ತೋರಸ್ರಿ ಅಂತ ಕೇಳಿದ್ದಿಲ್ಲ."

ಮಸಣ ಮುಳುಗಿದ ಸಂಗತಿ ನಮಗೆ ಗೊತ್ತಿರಲಿಲ್ಲವೆಂದಲ್ಲ. ಎಲ್ಲೋ ಓದಿದ, ಯಾರೋ ಹೇಳಿದ ಸಂಗತಿಯಂತೆ ಗೊತ್ತಿತ್ತು. ಅವಳ ಊರಿನ ಬೇಡಿಕೆಯನ್ನು ಕೂಟ ಯಾವ ಕಾರಣ ಕೊಟ್ಟು ತಳ್ಳಿಹಾಕಿತ್ತೆಂಬುದು ಮಾತ್ರ ನಮಗೆ ನಿಜವಾಗಿ ಗೊತ್ತಿರಲಿಲ್ಲ. ಗದಿಗೆಪ್ಪ ಅದನ್ನು ಕೇಳಿದ. ಅವನು ಬಾಯಿ ತೆರೆದದ್ದೇ ನನಗೆ ಆಶ್ಚರ್ಯ. ರುದ್ರಾಂಬಾ ಅವನ ಮುಖ ನೋಡಿ, ನೀವೇ ಆ ಕಾರಣ ಎಂದಳು. ಕೆಳಗಿನ ಊರಿನ ಜನ ಒಪ್ಪುವುದಿಲ್ಲ, ಹೀಗೆಂದು ಪ್ರತಿ ಸಲವೂ ಹೇಳುತ್ತಾರೆ. ಗದಿಗೆಪ್ಪ ದಾರವನ್ನು ಸೂಜಿಯಿಂದ ಎಳೆದುಹಾಕಿ, ಮತ್ತೆ ಪೋಣಿಸಿದ.

ಆ ವಾರದ ಕೊನೆಗೆ ಹಳೆಯ ಕೂಟದ ಕಡೆಯ ಸಭೆ. ಅದು ಸರದಿಯಂತೆ ಊರೂರು ಸುತ್ತುತ್ತದೆ, ಈ ಸಲ ನಮ್ಮೂರಿನ ಸಂತೆಕಟ್ಟೆಯ ಮೇಲೆ. ಯಾರು ಬೇಕಾದರೂ ಬರಬಹುದು, ಯಾರು ಬೇಕಾದರೂ ಮಾತಾಡಬಹುದು. ಯಾರೂ ಬರುವುದಿಲ್ಲ. ಹಿಂದಿನ ಸಲ ನಾನು ರೊಟ್ಟಿಬುಟ್ಟಿ ಹೊತ್ತು ಆ ಕಡೆ ಹಾದುಹೋದಾಗ, ಹಾಸಿದ ಜಮಖಾನೆಯ ಮೇಲೆ ಎರಡು ನಾಯಿ ಮಲಗಿದ್ದವು, ಸದಸ್ಯರು ಅವುಗಳಿಗೆ ವರದಿ ಓದುತ್ತಿದ್ದಂತೆ ಕಂಡಿತ್ತು. ಈ ಸಲ ರುದ್ರಾಂಬಾ ಹೋಗುತ್ತಾಳೆಂಬ ಸುದ್ದಿಗೆ ಸ್ವಲ್ಪ ಜನ ಸೇರಿದ್ದರು. ಬಿಡಾರವಾರದಲ್ಲಿದ್ದವಳಾದ್ದರಿಂದ ಅವಳು ಕೂರಬಹುದಿತ್ತು, ಮಾತಾಡುವಂತಿರಲಿಲ್ಲ. ಗದಿಗೆಪ್ಪ ನಮ್ಮ ಜೊತೆ ಬಂದು ಹಿಂದುಗಡೆ ಕಂಬಕ್ಕೆ ಒರಗಿ ನಿಂತ.

ಅಧ್ಯಕ್ಷೆ ಹಜರತಬಿ ನದಾಫ್ ಬೆಣಚಮರಡಿಯವರು. ಅವರ ಮೇಲೆ ನಾನು ಯಾವ ದೂರನ್ನೂ ಹೇಳಲಾರೆ. ಎರಡು ಬರಗಾಲದಲ್ಲಿ ನಾಲ್ಕು ಊರಿಗೂ ನೀರು ಕುಡಿಸಿದವರು ಅವರು. ಎಚ್ಚರದ ಮನುಷ್ಯರು, ಒಡೆಯಬಹುದಾದ ಪಾತ್ರೆಯನ್ನು ಹೊತ್ತವರಂತೆ ನಡೆಯುತ್ತಾರೆ. ದಿನ್ನಿಹಾಳದ ಬೇಡಿಕೆ ಮತ್ತೊಮ್ಮೆ ಬಂದಿತ್ತು. ಅದನ್ನು ಅವರು ಗೌರವದಿಂದಲೇ ಓದಿ, ದಿನ್ನಿಹಾಳದವರ ನೋವು ಕೂಟಕ್ಕೆ ತಿಳಿದಿದೆ, ಆದರೆ ಬೇಸಿಗೆಗೆ ಮುಂಚೆ ಕೆರೆ ಇಳಿಸಲು ಕೆಳಗಿನ ಊರುಗಳ ಜನ ಒಪ್ಪುವುದಿಲ್ಲವಾದ್ದರಿಂದ ವಿಷಾದದಿಂದ ನಿರಾಕರಿಸಲಾಗಿದೆ ಎಂದರು. ಮುಂದಿನ ವಿಷಯಕ್ಕೆ ಹಾಳೆ ತಿರುವುವಾಗ ಹಿಂದಿನಿಂದ ಗದಿಗೆಪ್ಪನ ದನಿ ಬಂತು.

"ಯಾರು ಒಪ್ಪಂಗಿಲ್ಲ ಅಂದ್ರು? ನನ್ನ ಕೇಳಿದ್ರೇನು?"

ಜನ ತಿರುಗಿ ನೋಡಿದರು. ಹಜರತಬಿ ಅವರಿಗೆ ನಮ್ಮೂರು ಚೆನ್ನಾಗಿ ಗೊತ್ತು. ಅವರು ಮೆಲ್ಲಗೆ ನಕ್ಕು, ಗದಿಗೆಪ್ಪನವರು ಕೂಟಕ್ಕೆ ಯಾವಾಗಲಾದರೂ ಮತ ಹಾಕಿದ್ದುಂಟೇ ಎಂದು ಕೇಳಿದರು. ಕಟ್ಟೆಯ ಮೇಲೆಲ್ಲ ನಗು ಹಬ್ಬಿತು. ನನಗೆ ಮುಖ ಮುಚ್ಚಿಕೊಳ್ಳುವಂತಾಯಿತು. ಅವನು ನಗು ನಿಲ್ಲುವವರೆಗೆ ಕಾದ.

"ಹಾಕಿಲ್ಲರಿ. ನಾ ಸುಮ್ಮ ಇದ್ದೆ. ಸುಮ್ಮ ಇದ್ದದ್ದನ್ನ ನೀವು 'ಒಲ್ಲೆ' ಅಂತ ಓದಿಕೊಂಡ್ರಿ. ನನ್ನ ಹೆಸರು ಹೇಳಿ ಈ ಅಕ್ಕಗ ಮೂವತ್ತು ವರ್ಷ ಇಲ್ಲ ಅಂದೀರಿ. ನಾ ಹಂಗ ಅಂದೇ ಇಲ್ಲ."

ಆಗ ಯಾರೂ ನಗಲಿಲ್ಲ. ರುದ್ರಾಂಬಾ ನೆಲ ನೋಡುತ್ತ ಕೂತಿದ್ದಳು. ಹಜರತಬಿ ಹಾಳೆಗಳನ್ನು ಕೆಳಗಿಟ್ಟರು. ಬಹಳ ವರ್ಷ ಅಧಿಕಾರದಲ್ಲಿದ್ದವರಿಗೆ ಎಲ್ಲರೆದುರು ಮಾತು ತಿರುಗಿಸುವುದು ಸುಲಭವಲ್ಲ. ಅವರು ತಿರುಗಿಸಿದರು. ಇದು ಸರಿ, ನಾವು ಕೇಳಿಲ್ಲ, ಕೇಳದೆ ಹೆದರಿದೆವು ಎಂದರು. ಸಭೆಯನ್ನು ಮುಗಿಸದೆ ಅಲ್ಲಿಗೇ ನಿಲ್ಲಿಸಿ, ಮೂರು ಊರಿನ ಪ್ರತಿ ಓಣಿಯನ್ನೂ ಕೇಳಿ ಬಂದ ಮೇಲೆ ಮುಂದುವರಿಸುವುದಾಗಿ ಹೇಳಿದರು.

ಈಗ ನಾನು ಬರೆಯುವುದನ್ನು ಓದಿ, ಎಲ್ಲರೂ ಕೈ ಎತ್ತಿ ಒಪ್ಪಿದರೆಂದು ನೀವು ತಿಳಿಯಬಾರದು. ಆ ಕೆಲವು ದಿನ ತಗ್ಗಿನಕೊಪ್ಪದಲ್ಲಿ ನಡೆದಷ್ಟು ಜಗಳ ನನ್ನ ತಿಳಿವಳಿಕೆಯಲ್ಲಿ ನಡೆದಿಲ್ಲ. ಓಣಿ ಓಣಿಯಲ್ಲಿ, ನೆರಳಿನಡಿ, ನನ್ನ ಖಾನಾವಳಿಯ ಪ್ರತಿ ಪಂಕ್ತಿಯಲ್ಲಿ ಅದೇ ಮಾತು. ಸತ್ತವರಿಗೆ ಬಾಯಾರಿಕೆ ಇಲ್ಲ, ನಮಗಿದೆ ಎಂದವರಿದ್ದರು. ಕೊಟ್ಟ ಮಾತು ಕೂಟದ್ದು, ನಾವೇಕೆ ಒಣಗಬೇಕು ಎಂದವರಿದ್ದರು. ಅವರಿಗೆ ಇನ್ನೊಬ್ಬರು, ಹಾಗಾದರೆ ಕೂಟ ಯಾರದ್ದು ಎಂದು ಕೇಳಿದರು. ಹಿಂದಿನ ಓಣಿಯ ದ್ಯಾಮವ್ವ ಎಂಬ ಹುಡುಗಿ, ಹೆರಿಗೆಯಾಗಿ ತಿಂಗಳು ತುಂಬದ ಬಾಣಂತಿ, ಕೂಸನ್ನು ಎತ್ತಿಕೊಂಡು ಬಂದು, ತಾನು ಒಪ್ಪುವುದಿಲ್ಲ ಎಂದಳು. ಕೂಸಿನ ಬಟ್ಟೆ ಯಾವುದರಲ್ಲಿ ತೊಳೆಯಲಿ ಎಂದಳು. ಅವಳು ಕೇಳಿದ್ದು ನ್ಯಾಯವೇ. ಅವಳ ಓಣಿಯವರೇ ಕೂತು ಗೊತ್ತುಮಾಡಿದರು: ಎಳೆಕೂಸಿನ ಮನೆಗೆ, ಹಾಸಿಗೆ ಹಿಡಿದವರ ಮನೆಗೆ ಪೂರ್ತಿ ನೀರು, ಅದು ಉಳಿದವರ ಅರ್ಧದಿಂದ ಹೋಗಬೇಕು. ದ್ಯಾಮವ್ವ ಅದನ್ನು ಕೇಳಿ, ಆದರೂ ಹೆದರಿಕೆ ಹೋಗಿಲ್ಲ, ಆದರೆ ಅಡ್ಡ ಬರುವುದಿಲ್ಲ ಎಂದಳು. ಊರು ಒಪ್ಪಿತು. ಹಿರೇಸಂಗಾಪುರ ಮೊದಲು ಒಲ್ಲೆ ಎಂದು, ಆಮೇಲೆ ತಗ್ಗಿನಕೊಪ್ಪವೇ ಒಪ್ಪಿದ ಮೇಲೆ ನಮ್ಮದೇನು ಎಂದಿತು. ಕೊಳವೆಯ ಕೊನೆಯ ಊರಿಗೆ ಸಿಕ್ಕ ಮೊದಲ ಮರ್ಯಾದೆ ಅದು ಎಂದು ನಮ್ಮವರು ಇಂದಿಗೂ ಎದೆ ಉಬ್ಬಿಸಿ ಹೇಳುತ್ತಾರೆ, ನಾನೂ ಹೇಳುತ್ತೇನೆ. ಬೆಣಚಮರಡಿ ಕಡೆಯಲ್ಲಿ ಒಪ್ಪಿತು.

ತೂಬು ತೆಗೆದರು. ನೀರು ದಿನದಿಂದ ದಿನಕ್ಕೆ ಇಳಿಯಿತು. ಹಿರೇಸಂಗಾಪುರದ ಸಣ್ಣ ಕೆರೆ ಹಿಡಿಯುವಷ್ಟು ಹಿಡಿಯಿತು, ಉಳಿದದ್ದು ಹಳ್ಳ ಸೇರಿ ಮುಂದೆ ಹೋಯಿತು. ಹೋಗುವ ನೀರನ್ನು ನಮ್ಮೂರಿನ ಜನ ಸೇತುವೆಯ ಮೇಲೆ ನಿಂತು ನೋಡಿದರು. ಅದು ನಮ್ಮ ಮುಂದಿನ ಬೇಸಿಗೆ ಎಂದು ಎಲ್ಲರಿಗೂ ಗೊತ್ತಿತ್ತು. ಯಾರೂ ತಡೆಯಲು ಹೋಗಲಿಲ್ಲ.

ಮಸಣದ ನೆಲ ಕಂಡ ದಿನ ನಾವು ಬಂಡಿ ಕಟ್ಟಿಕೊಂಡು ದಿನ್ನಿಹಾಳಕ್ಕೆ ಹೋದೆವು. ಯಾರೂ ಕರೆದಿರಲಿಲ್ಲ. ನಾನು ಖಾನಾವಳಿಯ ಬುಟ್ಟಿಗಳನ್ನೆಲ್ಲ ಹೇರಿಕೊಂಡಿದ್ದೆ, ಗದಿಗೆಪ್ಪ ಮತ್ತವನ ಜೊತೆಗಾರರು ದೊಡ್ಡ ನೆರಳುಬಟ್ಟೆ ತಂದಿದ್ದರು. ಇಳಿಜಾರಿಗೆ ಕಂಬ ನೆಟ್ಟು ಅದನ್ನು ಕಟ್ಟಿದಾಗ ದಿನ್ನಿಹಾಳದ ಮುದುಕರು ಮೊದಲು ದೂರ ನಿಂತು ನೋಡಿ, ಆಮೇಲೆ ಒಬ್ಬೊಬ್ಬರಾಗಿ ಅದರಡಿ ಬಂದು ಕೂತರು. ಮೂವತ್ತು ವರ್ಷದ ಹೂಳು ಮೊಣಕಾಲುದ್ದ ಇತ್ತು. ಗರಡಿಯ ಹುಡುಗಿಯರು ಅಗೆದರು, ನಮ್ಮವರು ಬುಟ್ಟಿ ಹೊತ್ತರು. ಎಲುಬು ಕದಲಿಸುವುದು ಬೇಡ, ಕಲ್ಲು ಮತ್ತು ಒಂದು ಹಿಡಿ ಮಣ್ಣು ಸಾಕು ಎಂದು ಅಲ್ಲಿನ ಹಿರಿಯರು ಮೊದಲೇ ತೀರ್ಮಾನಿಸಿದ್ದರು. ಕಲ್ಲು ಒಂದೊಂದಾಗಿ ಎದ್ದವು. ಪಾಚಿ ಒರೆಸಿದಾಗ ಒಂದು ಹೆಸರು ಕಾಣುತ್ತಿತ್ತು, ಆ ಹೆಸರಿನ ಮನೆಯವರು ಮುಂದೆ ಬರುತ್ತಿದ್ದರು. ಕೆಲವು ಕಲ್ಲುಗಳಿಗೆ ಯಾರೂ ಬರಲಿಲ್ಲ. ಅವನ್ನು ನಮ್ಮೂರಿನವರು ಹೊತ್ತರು. ದಿಬ್ಬದ ಮೇಲಿನ ಹೊಸ ಜಾಗದವರೆಗೆ ಅಪರಿಚಿತರ ಅಜ್ಜ ಅಜ್ಜಿಯರನ್ನು ಹೆಗಲ ಮೇಲೆ ಹೊತ್ತು ನಡೆಯುವ ನಮ್ಮೂರಿನ ಸಾಲನ್ನು ನೋಡಿದಾಗ ನನಗೆ ಏನಾಯಿತೆಂದು ಬರೆಯಲು ನನ್ನ ಕನ್ನಡ ಸಾಲದು.

ರುದ್ರಾಂಬಾಳ ಅಜ್ಜಿಯ ಕಲ್ಲು ಸಿಗಲಿಲ್ಲ. ಅವಳಿಗೆ ಜಾಗ ಗೊತ್ತಿತ್ತು, ಅಥವಾ ಗೊತ್ತಿದೆ ಎಂದುಕೊಂಡಿದ್ದಳು. ಅವಳೂ ಗದಿಗೆಪ್ಪನೂ ಅಲ್ಲಿ ಎರಡು ದಿನ ಅಗೆದರು. ಕೊನೆಗೆ ಅವಳೇ ಸಲಿಕೆ ಇಟ್ಟು, ಕಾಲಡಿಯ ಮಣ್ಣನ್ನು ಒಂದು ಹಿಡಿ ಸೀರೆಯ ಸೆರಗಿನಲ್ಲಿ ಕಟ್ಟಿಕೊಂಡಳು. ಅಜ್ಜಿ ಯಾರ ಹಿಡಿತಕ್ಕೂ ಸಿಗುತ್ತಿರಲಿಲ್ಲ, ಈಗಲೂ ಸಿಕ್ಕಿಲ್ಲ ಎಂದು ಹೇಳಿ ನಗಲು ನೋಡಿದಳು, ಆಗಲಿಲ್ಲ. ಗದಿಗೆಪ್ಪ ಅವಳ ಪಕ್ಕದಲ್ಲಿ ನಿಂತಿದ್ದ. ಆಮೇಲೆ ಅವರಿಬ್ಬರೂ ದಿಬ್ಬ ಹತ್ತಿದರು.

ಕೆಲಸ ಮುಗಿದು ಊಟಕ್ಕೆ ಕೂತಾಗ ನಾನು ಅವಳನ್ನು ನೇರವಾಗಿ ಕೇಳಿದೆ, ಈಗ ಏನು ಹೇಳುತ್ತೀ ಎಂದು. ಬಿಡಾರವಾರ ಮುಗಿದಿತ್ತು, ಅವಳು ರಾಜಕೀಯ ಮಾತಾಡಬಹುದಿತ್ತು. ಅವಳು ರೊಟ್ಟಿ ಮುರಿಯುತ್ತ ಯೋಚಿಸಿದಳು.

"ನಿಮ್ಮ ಮ್ಯಾಲಿನ ಸಿಟ್ಟು ಹೋತು ನೀಲಕ್ಕ. ಕೂಟದ ಮ್ಯಾಲಿಂದು ಹೋಗಿಲ್ಲ. ಒಬ್ಬ ಮನುಷ್ಯಾ ಕಂಬಕ್ಕ ಒರಗಿ ಮಾತಾಡಿದ್ದಕ್ಕ ಇದು ಆತು. ಅಂವಾ ಅವತ್ತು ಬರದಿದ್ರ? ನಾ ಗೆದ್ರ ಬಿಡಬೇಕು ಅಂತನ ಕೈ ಎತ್ತಾಕಿ."

ಅವಳ ಮಾತು ನನಗೆ ನೋವು ಕೊಡಲಿಲ್ಲವೆಂದರೆ ಸುಳ್ಳಾಗುತ್ತದೆ. ಆದರೆ ಅವಳು ಹೇಳಿದ್ದರಲ್ಲಿ ತಪ್ಪು ಹುಡುಕಲು ನನಗೆ ಆಗಲಿಲ್ಲ. ಅವಳ ಊರಿನವರಲ್ಲಿ ಬಹಳ ಜನ ಈಗ ಅವಳೊಡನೆಯೇ ವಾದಕ್ಕೆ ನಿಂತಿದ್ದಾರೆ. ಕೂಟದಲ್ಲಿದ್ದೇ ಅದನ್ನು ಸರಿಮಾಡಬೇಕು ಎನ್ನುತ್ತಾರೆ. ನಮ್ಮೂರಿನ ಕೆಲವರು ಅವಳ ಕಡೆ ಸೇರಿ, ಕೇಳದೆ ಹೆದರುವ ಕೂಟ ನಮಗೂ ಬೇಡ ಎನ್ನುತ್ತಿದ್ದಾರೆ. ಹಜರತಬಿ ಅವರು ಮತ್ತೆ ನಿಂತಿದ್ದಾರೆ. ಮುಂದೆ ಒಂದು ಊರಿನ ಹೆಸರಿನಲ್ಲಿ 'ಇಲ್ಲ' ಎನ್ನುವ ಮೊದಲು ಆ ಊರನ್ನು ಕೇಳಲೇಬೇಕೆಂಬ ಕಟ್ಟಳೆ ತರುವುದಾಗಿ ಓಣಿ ಓಣಿ ತಿರುಗಿ ಹೇಳುತ್ತಿದ್ದಾರೆ. ಹೋದ ಕಡೆಯಲ್ಲೆಲ್ಲ ಬೈಸಿಕೊಳ್ಳುತ್ತಿದ್ದಾರೆ, ಹೆಸರು ಹಿಡಿದು, ಅವರ ಅಪ್ಪನ ಹೆಸರನ್ನೂ ಸೇರಿಸಿ.

ಕಳೆದ ವಾರ ಮನಕೇಳಿಕೆಯವರು ಕೊನೆಯ ಸುತ್ತಿಗೆ ಬಂದಿದ್ದರು. ಕೂಟ ಒಳ್ಳೆಯದು ಎಂದವರು ಹೆಚ್ಚಾಗಿಲ್ಲ. ನಿಜ ಹೇಳಬೇಕೆಂದರೆ ಸ್ವಲ್ಪ ಕಡಿಮೆಯೇ ಆಗಿದ್ದಾರೆ. ಆದರೆ ನಮಗೇನು ಸಂಬಂಧ ಎಂದವರನ್ನು ನಮ್ಮ ಬೀದಿಯಲ್ಲಿ ಹುಡುಕಬೇಕಾಯಿತಂತೆ. ಕೇಳಲು ಬಂದ ಹುಡುಗಿ ನನ್ನ ಖಾನಾವಳಿಯಲ್ಲಿ ಕೂತು ನೀರು ಕೇಳಿ, ಪ್ರತಿ ಮನೆಯಲ್ಲೂ ಗಂಟೆಗಟ್ಟಲೆ ಹಿಡಿದು ಕೂರಿಸುತ್ತಾರೆ, ಕೆಲಸ ಸಾಗುವುದಿಲ್ಲ ಎಂದು ದೂರಿದಳು. ಅರ್ಧ ತಂಬಿಗೆ ಕೊಟ್ಟೆ. ಈಗ ಎಲ್ಲರಿಗೂ ಅರ್ಧವೇ.

ನಾಳೆ ಮತದಾನ. ಗದಿಗೆಪ್ಪ ಬೆಳಗಿನ ಸಾಲಿನಲ್ಲಿ ನಿಲ್ಲುತ್ತಾನಂತೆ. ಯಾರಿಗೆ ಎಂದು ನಾನು ಕೇಳಿಲ್ಲ, ಅವನು ಹೇಳಿಲ್ಲ. ಬೇಸಿಗೆ ಮುಂದಿದೆ, ಅದು ಕಠಿಣವಾಗಿರುತ್ತದೆ. ಮೇ ತಿಂಗಳಲ್ಲಿ ನಮ್ಮವರಲ್ಲೇ ಕೆಲವರು ಇಂದಿನ ಹೆಮ್ಮೆಯನ್ನು ಶಪಿಸಬಹುದು, ನಾನೂ ಅವರಲ್ಲಿ ಒಬ್ಬಳಾಗಬಹುದು. ಆದ್ದರಿಂದಲೇ ಇಂದು, ಇನ್ನೂ ತುಟಿ ಒದ್ದೆಯಿರುವಾಗ, ಬರೆದಿಡುತ್ತಿದ್ದೇನೆ: ಕೊಳವೆಯ ಕೊನೆಯಲ್ಲಿರುವ ಈ ಊರು, ಎಂದೂ ಯಾರೂ ಏನನ್ನೂ ಕೇಳದ ಈ ಊರು, ಕೇಳಿದಾಗ ಕೊಟ್ಟಿತು. ನಾನು ತಗ್ಗಿನಕೊಪ್ಪದವಳು.

ನಿಮ್ಮಲ್ಲಿ ಒಂದು ಕೋರಿಕೆ. ನಿಮ್ಮೂರೂ ಪಕ್ಕದೂರೂ ಸೇರಿ ಮಾಡುವ ಸಭೆಯೊಂದು ನಿಮ್ಮಲ್ಲಿಯೂ ಎಲ್ಲೋ ಇರುತ್ತದೆ, ಬೇರೆ ಹೆಸರಿನಿಂದ. ಅದರ ಹೆಸರು ನಿಮಗೆ ಗೊತ್ತಿಲ್ಲದಿರಬಹುದು. ಚುನಾವಣೆ ಬಂದಾಗ ಮಾತ್ರ ಗೋಡೆಯ ಮೇಲೆ ಕಂಡು, ಆಮೇಲೆ ಮರೆತುಹೋಗುವಂಥದ್ದಿರಬಹುದು. ಅದನ್ನು ಪ್ರೀತಿಸಿ ಎಂದು ನಾನು ಕೇಳುವುದಿಲ್ಲ. ಒಂದು ಮಧ್ಯಾಹ್ನ ಬಿಡುವು ಮಾಡಿಕೊಂಡು ಅಲ್ಲಿಗೆ ಹೋಗಿ, ಹಿಂದುಗಡೆ ನಿಂತು ಕೇಳಿರಿ. ನಿಮಗೆ ಗುರುತಿಲ್ಲದ ಯಾರಿಗೋ, ನಿಮ್ಮ ಹೆಸರು ಹೇಳಿ, ಅಲ್ಲಿ 'ಇಲ್ಲ' ಎನ್ನುತ್ತಿರಬಹುದು.

ಶರಣು.